ಎರಡು ಪಂಕ್ತಿಯ ಬೀಗರೂಟ

ಒಂದು ಸಣ್ಣ ಮುದ್ದೆ ಉಂಡವನೇ ಎಲೆಗೆ ಎರಡೂ ಕೈ ಅಡ್ಡ ಹಿಡಿದೆ. ಕುಣಿಗಲ್ಲಿನ ಬೀಗರ ಮನೆಯ ಅಂಗಳದಲ್ಲಿ ಎಲ್ಲರೂ ನನ್ನತ್ತ ತಿರುಗಿದರು. ಎಂಬತ್ತರ ದಶಕದ ಆರಂಭ. ಮಗಳ ಮದುವೆಯ ಬೀಗರೂಟ. ಹೆಣ್ಣಿನ ತಂದೆ ಅರೆಹೊಟ್ಟೆಯಲ್ಲಿ ಎದ್ದರೆ ಮುನಿಸೆಂದೇ ಅರ್ಥ. ಮಗಳ ಮುಖ ಬಾಡಿತು.

ಗುಟ್ಟಾಗಿಟ್ಟಿದ್ದನ್ನು ಹೇಳಲೇಬೇಕಾಯಿತು. ನನಗೆ ಸಕ್ಕರೆ ಕಾಯಿಲೆ, ಹೃದಯಕ್ಕೂ ಗುಳಿಗೆ. ಉಂಡದ್ದು ಬೇಗ ಅರಗುವುದಿಲ್ಲ. ಸ್ವಲ್ಪ ಸ್ವಲ್ಪವೇ, ಹಲವು ಸಲ ಉಣ್ಣಬೇಕೆಂದು ತುಮಕೂರಿನ ಡಾಕ್ಟರು ಹೇಳಿದ್ದರು.

ಬೀಗಿತ್ತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದುರು ನಿಂತರು. “ಅಷ್ಟೇನಾ ಬೀಗ್ರೇ? ಸಾರು ಕೆಟ್ಟೋಯ್ತೇನೋ ಅಂತ ನನ್ನ ಎದೆ ಒಡೆದೋಗಿತ್ತು! ಈಗ ಎದ್ದೇಳಿ. ಕೊನೇ ಪಂಕ್ತೀಲಿ ನಮ್ಮ ಜೊತೆ ಕೂತ್ಕಳಿ, ಮಿಕ್ಕಿದ್ದು ಆಗ ಬಡಿಸ್ತೀನಿ.”

ಪಂಕ್ತಿಯಲ್ಲಿ ಎರಡು ಸಲ ಕೂರುವುದು ಹೊಟ್ಟೆಬಾಕರ ಕೆಲಸವೆಂದು ಶಾಲೆಯಲ್ಲಿ ಮಕ್ಕಳನ್ನು ಗದರಿಸಿದ ಮೇಷ್ಟರು ನಾನು. ಮೂರು ಗಂಟೆಯ ಮೇಲೆ ಮನೆಯವರು, ಅಡುಗೆಯವರ ಸಾಲಿನಲ್ಲಿ ಮತ್ತೆ ಎಲೆ ಮುಂದೆ ಕೂತೆ.

“ಮೇಷ್ಟ್ರು ಇನ್ನೊಂದ್ಸಲ ಬಂದವ್ರೆ, ಬಾಗಿಲು ಹಾಕ್ರಪ್ಪೋ!” ಎಂದು ಬೀಗರು ಕೂಗಿದರು.

ಆ ಮನೆಯಲ್ಲಿ ನನ್ನ ಮಗಳು ಬಾಯ್ತುಂಬ ನಕ್ಕದ್ದನ್ನು ಮೊದಲು ಕಂಡದ್ದು ಆಗಲೇ. ಅವಳ ಬಗೆಗಿನ ಚಿಂತೆ ಬಿಟ್ಟು ನಮ್ಮೂರು ಗುಬ್ಬಿಗೆ ಹೊರಟೆ.