ಮಾದೇವಿಯ ಸಾಬೂನಿನ ಚೂರು

ಮೊನ್ನೆ ಅಕ್ಕಲಕೋಟೆಯ ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಊಟಕ್ಕೆ ಮೊದಲು ಕೈ ತೊಳೆಯಲು ಹೋದೆ. ನಲ್ಲಿಯ ಪಕ್ಕ ಗಂಧದ ಸಾಬೂನಿತ್ತು. ಕೈಯಲ್ಲಿ ನೊರೆ ಎದ್ದದ್ದೇ ತಡ, ಆ ವಾಸನೆಗೆ ಹಸಿವು ಸತ್ತೇಹೋಯಿತು. ಮೈಂದರ್ಗಿಯ ನನ್ನ ಸೋದರತ್ತೆಯ ಮನೆ, ಅದರ ಹೊಗೆ ಹಿಡಿದ ಬಚ್ಚಲು, ಕಲ್ಲಿನ ಗೂಡಿನಲ್ಲಿ ಜಾರುತ್ತಿದ್ದ ಸಾಬೂನು, ಎಲ್ಲ ಒಮ್ಮೆಲೇ ಬಂದು ನಿಂತವು. ಆ ಮನೆ ಈಗಿಲ್ಲ. ಅಲ್ಲಿ ಯಾರದೋ ಗೊಬ್ಬರದ ಅಂಗಡಿಯಾಗಿದೆ.

ಅಪ್ಪನಿಗೆ ಸೋಲಾಪುರದ ಹೊರಗಿನ ಚಿಂಚೋಳಿ ಎಂಐಡಿಸಿಯ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಾಗ, ಸೋಲಾಪುರದ ಬಾಡಿಗೆ ಕೋಣೆ ಸಣ್ಣದೆಂದು ನನ್ನನ್ನು ತನ್ನ ಅಕ್ಕನ ಮನೆಯಲ್ಲಿ ಬಿಟ್ಟಿದ್ದ. ನನಗಾಗ ಎಂಟು ವರ್ಷ. ಆ ಮನೆಯಲ್ಲಿ ಸಾಬೂನಿಗೆ ಮೂರು ಹೆಸರು. ಅತ್ತೆಗೆ ಅದು ಸಬಕಾರ, ಮರಾಠಿ ಶಾಲೆ ಕಲಿತ ಅವಳ ಗಂಡ ಮಾಮನಿಗೆ ಸಾಬಣ, ಗೋಡೆಯಾಚೆಯಿಂದ ದಿನಕ್ಕೆ ನಾಲ್ಕು ಸಲ ಬರುತ್ತಿದ್ದ ರಬಿಯಾಬಿಗೆ ಸಾಬೂನ್. ಅತ್ತೆಯ ಒಬ್ಬಳೇ ಮಗಳು ಮಾದೇವಿ ಎಲ್ಲರನ್ನೂ ಕಾಡಿಸುತ್ತಿದ್ದಳು: “ಒಂದ ಸಬಕಾರಕ್ಕ ಮೂರ ಮಂದಿ ಮೂರ ಹೆಸರಿಟ್ಟೀರಿ, ಅದಕ್ಕ ಇಷ್ಟ ಲಗೂ ಸವೀತೈತಿ ನೋಡ್ರಿ!” ಸವೆದ ಸಾಬೂನನ್ನು ಅತ್ತೆ ಎಸೆಯಲು ಬಿಡುತ್ತಿರಲಿಲ್ಲ. ಉಳಿದ ಚೂರನ್ನು ನೆನೆಸಿ, ಹೊಸ ಸಾಬೂನಿನ ಬೆನ್ನಿಗೆ ಒತ್ತಿ ಅಂಟಿಸಬೇಕು. ಆ ಕೆಲಸ ನನ್ನದು. ಅಂಟಿಸಿದಾಗಲೆಲ್ಲ ಅತ್ತೆ “ಶಾಣ್ಯಾಕಿ ನನ್ನ ಸೊಸಿ” ಎಂದು ಗಲ್ಲ ಹಿಂಡುತ್ತಿದ್ದಳು.

ನಾನೀಗ ಸೋಲಾಪುರದಲ್ಲಿ ಕಾಲೇಜು ಮಕ್ಕಳಿಗೆ ಭಾಷೆ ಕಲಿಸುತ್ತೇನೆ. ಮನೆಯಲ್ಲಿ ಕನ್ನಡ ಆಡುವ ಮಕ್ಕಳೇ ಮರಾಠಿಯಲ್ಲಿ ಟಿಪ್ಪಣಿ ಬರೆದುಕೊಳ್ಳುತ್ತಾರೆ. ಅವರಿಗೆ ಪಾಠ ಮಾಡಲೆಂದು ನಿಘಂಟು ತೆಗೆದರೆ, ಅಬ್ಬಾ, ಸಾಬೂನೆಂಬ ಮಾತಿಗೆ ಎಲ್ಲೆಲ್ಲಿಯ ನಂಟು! ಲ್ಯಾಟಿನ್ನಿನಲ್ಲಿ ಅದು ಸಾಪೋ. ರೋಮಿನವರು ಅದನ್ನೂ ಉತ್ತರದ ಕಾಡುಜನರಿಂದ ಎರವು ತಂದಿದ್ದರಂತೆ. ಆಗ ಅದು ಮೈ ತೊಳೆಯುವ ವಸ್ತುವೇ ಅಲ್ಲ, ಕೊಬ್ಬಿಗೆ ಬೂದಿ ಕಲಸಿ ಕೂದಲು ಕೆಂಪಗಾಗಲೆಂದು ಹಚ್ಚಿಕೊಳ್ಳುತ್ತಿದ್ದದ್ದು. ಫ್ರೆಂಚರಿಗೆ ಅದು ಸಾವೋಂ, ಸ್ಪೇನಿನವರಿಗೆ ಹಾಬೋನ್, ಅರಬರಿಗೆ ಸಾಬೂನ್. ನಮ್ಮ ದಂಡೆಗೆ ಅರಬರ ಹಡಗಿನಲ್ಲಿ ಬಂತೋ ಪೋರ್ಚುಗೀಸರ ಹಡಗಿನಲ್ಲಿ ಬಂತೋ, ಪಂಡಿತರು ಇನ್ನೂ ಜಗಳಾಡುತ್ತಾರೆ. ಮಾಮನ ಸಾಬಣವೂ ರಬಿಯಾಬಿಯ ಸಾಬೂನೂ ಒಂದೇ ತಾಯಿಯ ಮಕ್ಕಳು. ಅತ್ತೆಯ ಸಬಕಾರ ಮಾತ್ರ ಬೇರೆ ಬಳ್ಳಿಯದು, ಖಾರ, ಅಂದರೆ ಕ್ಷಾರದಿಂದ ಹುಟ್ಟಿದ ಇಲ್ಲಿಯದೇ ಮಾತು ಎನ್ನುತ್ತಾರೆ. ಕೂದಲಿಗೆ ಹಚ್ಚುವ ಸಂಗತಿ ಕೇಳಿದ್ದರೆ ಮಾದೇವಿ ಬಿದ್ದು ಬಿದ್ದು ನಗುತ್ತಿದ್ದಳು. ಇಷ್ಟು ತಿಳಿದುಕೊಂಡು, ಹೇಳೋಣವೆಂದರೆ ಅವರಲ್ಲಿ ಒಬ್ಬರೂ ಉಳಿದಿಲ್ಲ. ಸುಡುಗಾಡು ಪಾಂಡಿತ್ಯ!

ಮದುವೆ ಗೊತ್ತಾದಾಗ ಮಾಮ ಅಕ್ಕಲಕೋಟೆಯಿಂದ ಮಾದೇವಿಗೊಂದು ಗಂಧದ ಸಾಬೂನು ತಂದಿದ್ದರು. ಅವಳು ಜಳಕ ಮಾಡಿ ಬಂದರೆ ಪಡಸಾಲೆಯೆಲ್ಲ ಘಮಘಮ. ಆ ಸಾಬೂನು ಸವೆಯುವುದರೊಳಗೆ ಅವಳೇ ಹೋಗಿಬಿಟ್ಟಳು, ಎಂಟು ದಿನದ ಜ್ವರಕ್ಕೆ. ಉಳಿದ ಚೂರನ್ನು ಅತ್ತೆ ಮಗಳ ಕರವಸ್ತ್ರದಲ್ಲಿ ಸುತ್ತಿ ಟ್ರಂಕಿನ ತಳದಲ್ಲಿಟ್ಟಳು. ಮಧ್ಯಾಹ್ನ ಮನೆ ಖಾಲಿಯಾದ ಮೇಲೆ ಅದನ್ನು ತೆಗೆದು ಮೂಸುತ್ತಿದ್ದಳೆಂದು ಆಮೇಲೆ ರಬಿಯಾಬಿ ನನಗೆ ಹೇಳಿದಳು. ಆಗ ನನಗೆ ಗೊತ್ತಿರಲಿಲ್ಲ.

ಮಳೆಗಾಲ ಮುಗಿದ ಮೇಲೆ ಒಂದು ದಿನ ಅತ್ತೆ ಟ್ರಂಕಿನ ಸೀರೆಗಳನ್ನು ಬಿಸಿಲಿಗೆ ಹರವಿದಳು. ತಂಪಿಗೆ ಮೆತ್ತಗಾಗಿದ್ದ ಆ ಚೂರನ್ನೂ ಕಟ್ಟೆಯ ಮೇಲೆ ಆರಲಿಟ್ಟು ನೀರು ತರಲು ಹೋದಳು. ನಾನು ಶಾಲೆಯಿಂದ ಬಂದವಳು ನೋಡಿದೆ. ನೀರಲ್ಲಿ ನೆನೆಸಿದೆ. ಬಚ್ಚಲಿನ ಕೆಂಪು ಸಾಬೂನಿನ ಬೆನ್ನಿಗೆ ಗಟ್ಟಿಯಾಗಿ ಒತ್ತಿದೆ. ಹೊಲದಿಂದ ಬಂದ ಮಾಮ ಅದರಲ್ಲೇ ಕೈಕಾಲು ತೊಳೆದರು.

“ಇಲ್ಲಿಟ್ಟಿದ್ದ ಚೂರ ಎಲ್ಲೈತಿ?” ಎಂದು ಅತ್ತೆ ಕೇಳಿದಾಗ ನಾನು ಹೊಗಳಿಕೆಗೆ ಕಾಯುತ್ತ, “ಅಂಟಿಸೀನಿ ಅತ್ತಿ” ಎಂದೆ. ಅವಳು ಬಚ್ಚಲಿಗೆ ಓಡಿದಳು. ಚಾಕುವಿನ ತುದಿಯಿಂದ ಬಿಡಿಸಲು ಹೋದರೆ ಚೂರು ಪುಡಿಯಾಗತೊಡಗಿತು. ಚಾಕು ಕೆಳಗಿಟ್ಟು ಅಲ್ಲೇ ಕುಸಿದು ಕೂತಳು. “ಅಯ್ಯ ನನ್ನವ್ವ, ಏನ ಮಾಡಿದಿಬೇ...” ಬಾಗಿಲಲ್ಲಿ ನಿಂತ ಮಾಮ, “ಕೂಸಿಗಿ ಏನ ಗೊತ್ತೈತಿ, ಬೈಬ್ಯಾಡ” ಎಂದರು. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ಇಷ್ಟು ವರ್ಷ ನನ್ನನ್ನು ಹೀಗೆ ಕೊರೆಯುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಅತ್ತೆ ತಾನೇ ನನಗೆ ಜಳಕ ಮಾಡಿಸಿದಳು. ಸಾಬೂನಿನ ಗಂಧದ ಮಗ್ಗುಲನ್ನು ಮಾತ್ರ ನನ್ನ ಕುತ್ತಿಗೆಗೆ, ಕಿವಿಯ ಹಿಂದೆ ತಿಕ್ಕಿದಳು. ಆಮೇಲೆ ತೊಡೆಯ ಮೇಲೆ ಕೂರಿಸಿಕೊಂಡು ಕುತ್ತಿಗೆಗೆ ಮೂಗು ಹಚ್ಚಿ, ಬಹಳ ಹೊತ್ತಿನ ಮೇಲೆ, “ಮಾದೇವಿ ವಾಸನಿ ಬರತೈತಿ” ಎಂದಳು. ದಿನಾ ಹಾಗೆಯೇ. ಅತ್ತೆಗೆ ನನ್ನ ಮೇಲೆ ಜೀವ ಎಂದು ನಾನು ಹಿಗ್ಗಿದೆ.

ವಾರ ಕಳೆಯುವಷ್ಟರಲ್ಲಿ ಸಾಬೂನಿನ ಗಂಧದ ಮಗ್ಗುಲು ಸವೆದು ಕೆಂಪೊಂದೇ ಉಳಿಯಿತು. ಅಂದು ಅತ್ತೆ ಒಂದು ಕಿವಿಯ ಹಿಂದೆ ಮೂಸಿದಳು, ಇನ್ನೊಂದು ಕಿವಿಯ ಹಿಂದೆ ಮೂಸಿದಳು, ಮತ್ತೆ ಮೊದಲಿನದಕ್ಕೇ ಬಂದಳು. ನನ್ನನ್ನು ಮೆಲ್ಲಗೆ ಕೆಳಗಿಳಿಸಿದಳು. ಮರುದಿನ ನಾನೇ ಜಳಕ ಮಾಡಿ, ಒದ್ದೆ ಮೈಯಲ್ಲೇ ಓಡಿ ಬಂದು ಕುತ್ತಿಗೆ ಚಾಚಿದೆ.

“ಅಂಗಿ ಹಾಕ್ಕೋಳವ್ವ,” ಎಂದಳು ಅತ್ತೆ, “ಸಾಲಿಗಿ ಹೊತ್ತಾತು.”