ಕೊಳದವನ ಮೂಗು

ಈಜುಕೊಳ ನೋಡಿಕೊಳ್ಳುವವನನ್ನು ಎಲ್ಲರೂ ಮೂಗಣ್ಣ ಎಂದೇ ಕರೆಯುತ್ತಿದ್ದರು. ಅವನಿಗೂ ಅದು ಬಿರುದಿನ ಹಾಗಿತ್ತು. ನೀರಿನಲ್ಲಿ ಕ್ಲೋರಿನ್ ಎಷ್ಟಿದೆ ಎಂದು ನೋಡಲು ಬಣ್ಣ ತೋರಿಸುವ ಔಷಧಿಯ ಡಬ್ಬಿ ಕೊಟ್ಟಿದ್ದರೂ ಅದು ಕಪಾಟಿನಲ್ಲಿ ಧೂಳು ತಿನ್ನುತ್ತಿತ್ತು. ಬೆಳಿಗ್ಗೆ ಬೊಗಸೆ ನೀರೆತ್ತಿ ಮೂಸುವುದು, "ಪರವಾಗಿಲ್ಲ" ಎನ್ನುವುದು, ಅಷ್ಟೇ ಅವನ ಪರೀಕ್ಷೆ. ಡಬ್ಬಿ ನಂಬುವುದು ಮೂಗಿಲ್ಲದವರ ಕೆಲಸ ಎಂಬ ಜಂಬ ಬೇರೆ.

ಮಹಾಮಾರಿಯ ಜ್ವರ ಗಂಡ ಹೆಂಡತಿ ಇಬ್ಬರಿಗೂ ಬಂತು. ಅವಳು ಆಸ್ಪತ್ರೆಯಿಂದ ವಾಪಸು ಬರಲಿಲ್ಲ. ಅವನು ಬಂದ, ಅವನ ಮೂಗು ಬರಲಿಲ್ಲ. ಸೋಪು, ಸೀಮೆಎಣ್ಣೆ, ಬೆವರು ಎಲ್ಲವೂ ಒಂದೇ ಆಯಿತು. ಅಳುವೂ ಬರಲಿಲ್ಲ. ಅತ್ತರೆ ಹಗುರಾಗುತ್ತದೆ ಎಂದವರಿಗೆಲ್ಲ ತಲೆಯಾಡಿಸಿ ಬಾಗಿಲು ಹಾಕಿಕೊಂಡ. ಅವಳ ಉಣ್ಣೆ ಶಾಲನ್ನು ಮಾತ್ರ ಒಗೆಯದೆ ಚೀಲದಲ್ಲಿಟ್ಟುಕೊಂಡು ಹೋದಲ್ಲೆಲ್ಲ ಒಯ್ಯುತ್ತಿದ್ದ. ಆಗಾಗ ತೆಗೆದು ಮೂಸುತ್ತಿದ್ದ. ಏನೂ ಇರುತ್ತಿರಲಿಲ್ಲ.

ಜ್ವರಕ್ಕೆ ಹೆದರಿ ಮುಚ್ಚಿದ್ದ ಕೊಳ ಮತ್ತೆ ತೆರೆಯಿತು. "ಎಚ್ಚರಿಕೆಯಿಂದ ಈಜಬಹುದು, ಹೊಣೆ ನಿಮ್ಮದೇ" ಎಂದು ಆಡಳಿತದವರು ಬೋರ್ಡು ಹಾಕಿದರು, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಮೊದಲು ವಿಚಾರಿಸಿದವಳು ಅವನ ಅಕ್ಕ. ಅವಳ ಮಂಡಿ ಹಿಡಿದುಹೋಗಿತ್ತು, ಕಾಲು ಮಾತು ಕೇಳುತ್ತಿದ್ದದ್ದು ನೀರಿನಲ್ಲಿ ಮಾತ್ರ. ಕೊಳ ಮುಚ್ಚಿದಾಗಿನಿಂದ ಗೋಡೆ ಹಿಡಿದು ನಡೆಯುತ್ತಿದ್ದಳು.

"ಆ ಬೋರ್ಡು ನಂಗೆ ಅರ್ಥ ಆಗಲ್ಲ ಕಣೋ. ನೀನು ಸರಿ ಅಂದ್ರೆ ಬರ್ತೀನಿ," ಎಂದಳು ಫೋನಿನಲ್ಲಿ.

"ನೋಡಿ ಹೇಳ್ತೀನಿ ಅಕ್ಕ."

ಬೊಗಸೆ ನೀರೆತ್ತಿ ಮೂಸಿದ. ಏನೂ ಇಲ್ಲ. ಆದರೂ "ಪರವಾಗಿಲ್ಲ" ಎಂಬ ಮಾತು ನಾಲಿಗೆಯ ತುದಿಗೆ ಬಂತು. ಜ್ವರದ ಮೊದಲ ದಿನ ಹೆಂಡತಿಯ ಹಣೆ ಮುಟ್ಟಿ ಹೇಳಿದ್ದೂ ಅದೇ ಮಾತು. ನುಂಗಿಕೊಂಡ. ಡಬ್ಬಿಯ ಧೂಳು ಒರೆಸಿ ಹನಿ ಬಿಟ್ಟು ನೋಡಿದರೆ ಬಣ್ಣ ತೀರಾ ತೆಳು. ಕ್ಲೋರಿನ್ ಹಾಕಿ, ಪಂಪು ಓಡಿಸಿ, ಬಣ್ಣ ಸರಿಯಾಗುವವರೆಗೂ ಕಾದ. ಆಮೇಲೆ ಬಟ್ಟೆ ಬದಲಿಸುವ ಕೋಣೆ ನೋಡಿದ. ಒಂದೇ ಕಿಟಕಿ, ಅದೂ ತುಕ್ಕು ಹಿಡಿದು ಮುಚ್ಚಿಹೋಗಿತ್ತು. ಹೆಂಗಸರು ಈಜಿದ್ದಕ್ಕಿಂತ ಅಲ್ಲಿ ಹರಟಿದ್ದೇ ಹೆಚ್ಚು. ಮೊದಲಾದರೆ ಮುಗ್ಗಲು ವಾಸನೆ ಬಂದ ಕೂಡಲೇ ಬಾಗಿಲು ತೆರೆದಿಡುತ್ತಿದ್ದ. ಈಗ ಏನೂ ತಿಳಿಯಲಿಲ್ಲ. ಗಾಳಿಯಾಡದ ಕಡೆ ಸೋಂಕು ನಿಲ್ಲುತ್ತದೆ ಎಂದು ಕೋಣೆಗೆ ಬೀಗ ಜಡಿದ.

"ಅಕ್ಕ, ನೀರು ಸರಿ ಇದೆ, ಕೋಣೆ ಸರಿ ಇಲ್ಲ. ಜನ ಸೇರೋ ಮುಂಚೆ ಬಾ. ಮನೇಲೇ ಈಜೋ ಬಟ್ಟೆ ಹಾಕ್ಕೊಂಡು ಬಾ, ಒದ್ದೆಯಲ್ಲೇ ಹೋಗು."

"ನೋಡಿದವ್ರು ನಗಲ್ವೇನೋ?"

"ನಗಲಿ ಬಿಡು."

ಮರುದಿನ ಅಕ್ಕ ಬಂದಳು. ಕಂಬಿ ಹಿಡಿದು ಮೆಟ್ಟಿಲಿಳಿದವಳು ನೀರಿಗೆ ಬಿದ್ದದ್ದೇ ತಡ, ಹುಡುಗಿಯಾದಳು. ದೂರದಲ್ಲಿ ಮಾಸ್ಕ್ ಹಾಕಿ ನಿಂತು ನೋಡಿದ. ಸಂತೋಷವಾಗಬೇಕಿತ್ತು, ಆಗಲಿಲ್ಲ.

ಮೇಲೆ ಬಂದಾಗ ಅವಳು ಗಡಗಡ ನಡುಗುತ್ತಿದ್ದಳು. ಟವೆಲ್ ಮರೆತು ಬಂದಿದ್ದಳು. ಅವನು ಚೀಲಕ್ಕೆ ಕೈಹಾಕಿ, ಹಿಂದೆಳೆದು, ಮತ್ತೆ ಹಾಕಿದ. ಆಮೇಲೆ ಶಾಲು ತೆಗೆದು ಬೆಂಚಿನ ಮೇಲಿಟ್ಟು ಹಿಂದೆ ಸರಿದ. ಅಕ್ಕ ಹೊದ್ದುಕೊಂಡಳು. ಅಂಚು ಮುಖಕ್ಕೆ ತಾಗಿದ ಕೂಡಲೇ ಅದನ್ನು ಮೂಗಿಗೆ ಒತ್ತಿಕೊಂಡಳು.

"ಅವಳ ವಾಸನೆ ಇನ್ನೂ ಇದೆಯಲ್ಲೋ ಇದರಲ್ಲಿ. ಅಯ್ಯೋ, ನಾನು ಒದ್ದೆ ಮಾಡ್ಬಿಟ್ನಲ್ಲ. ಈಗ ಕ್ಲೋರಿನ್ ಹತ್ತುತ್ತೆ. ತಗೋ, ತಗೋ."

"ಬೇಡ, ಹೊದ್ಕೋ. ಚಳಿ." ಅವನು ನೆಲ ನೋಡುತ್ತಿದ್ದ. "ಹೇಗಿದೆ ಅಂತ ಹೇಳು."

ಅಕ್ಕ ಮತ್ತೆ ಮೂಸಿ, ಯೋಚಿಸಿ ಹೇಳಿದಳು: ತಲೆಗೆ ಹಚ್ಚುವ ಎಣ್ಣೆ, ಒಂದಿಷ್ಟು ಒಲೆಯ ಹೊಗೆ, ಬಟ್ಟೆ ಸೋಪು.

"ಇನ್ನೊಂದ್ಸಲ ಹೇಳು ಅಕ್ಕ," ಎಂದ.