ಬರ್ಲೇನಪಾ?

ಕಾಂದಿವಲಿಯ ನಮ್ಮ ಬಿಲ್ಡಿಂಗಿನ ಸೊಸೈಟಿ ಹಾಲ್‌ನಲ್ಲಿ ಭಾನುವಾರ ಬೆಳಿಗ್ಗೆ ಟ್ಯೂಬ್‌ಲೈಟಿನಂತೆ ಹೊಳೆಯುವ ಕತ್ತಿ ಹಿಡಿದು ಹೊಡೆದಾಡುವವರು ನಾವೇ. ವೈಜ್ಞಾನಿಕ ಕಥೆಗಳ ಹುಚ್ಚು ಹಿಡಿದವರ ಕ್ಲಬ್ಬು ಇದು. ಬೇರೆ ಗ್ರಹದ ಯೋಧರಾಗಿ ನಾಟಕದ ಕಾಳಗ ಆಡುತ್ತೇವೆ. ನೋಡುವವರಿಗೆ ತಲೆಯೇ ಹೋಯಿತು ಅನ್ನಿಸಬೇಕು, ಆದರೆ ಒಂದು ಕೂದಲೂ ಕೊಂಕಬಾರದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಗಾದೆಯನ್ನು ಇಷ್ಟು ಶ್ರದ್ಧೆಯಿಂದ ಪಾಲಿಸುವವರು ಈ ಊರಲ್ಲಿ ಇನ್ನೊಬ್ಬರಿಲ್ಲ.

ಕ್ಲಬ್ಬು ಶುರು ಮಾಡಿದ್ದು ನಾನು ಮತ್ತು ನನ್ನ ಗೆಳೆಯ. ನಾನು ಹೋಟೆಲಿನ ಗಲ್ಲಾದಲ್ಲಿ ಕೂರುವ ಉಡುಪಿ ಕಡೆಯವನು. ಅವನು ವಿಜಯಪುರದ ಕಡೆಯ ಮುಸಲ್ಮಾನರ ಮನೆಯವನು, ಇಂಡಸ್ಟ್ರಿಯಲ್ ಎಸ್ಟೇಟಿನ ಪ್ಲಾಸ್ಟಿಕ್ ಕಾರ್ಖಾನೆಯಲ್ಲಿ ಕೆಲಸ. ಕತ್ತಿಗಳ ಕೊಳವೆ ಕೊಯ್ದು ತರುತ್ತಿದ್ದವನು ಅವನೇ. ಮೊದಲ ದಿನ ಅವನು ಸಜ್ಜಾಗುವ ಮುಂಚೆಯೇ ನಾನು ಬೀಸಿದೆ. ಏಟು ಕಿವಿಗೆ ಬಿತ್ತು.

"ಕೇಳಿ ಬರಬೇಕಲೇ!" ಎಂದ ಕಿವಿ ಉಜ್ಜಿಕೊಳ್ಳುತ್ತ. "ಬರ್ಲೇನಪಾ ಅಂತ ಕೇಳು. ನಾ ಬಾ ಅಂದ ಮ್ಯಾಲೆ ಹೊಡಿ."

ಅದೇ ಕ್ಲಬ್ಬಿನ ಕಾನೂನಾಯಿತು. ಹೊಡೆಯುವವರು ಕೇಳಬೇಕು, ಹೊಡೆಸಿಕೊಳ್ಳುವವರು "ಬಾ" ಅನ್ನಬೇಕು. ಅಲ್ಲಿಯವರೆಗೆ ಕತ್ತಿ ಅಲ್ಲಾಡುವಂತಿಲ್ಲ. ಮರಾಠಿಯವರು, ಗುಜರಾತಿಯವರು, ಕನ್ನಡ ಅರ್ಥವಾದರೂ ನಾಲಿಗೆ ಹೊರಳದ ನಮ್ಮವರ ಮಕ್ಕಳು, ಎಲ್ಲರೂ ಅವನ ಎಳೆತದಲ್ಲೇ "ಬರ್ಲೇನಪಾ?" ಎಂದು ಕೇಳತೊಡಗಿದರು. ನನ್ನ ಅಮ್ಮನಿಗೆ ಮಾತ್ರ ಇದು ಸರಿಬರಲಿಲ್ಲ. "ಬರ್ಲಾ ಅಂತ ಕೇಳುವುದು ಮನೆಯಿಂದ ಹೊರಡುವಾಗ ಅಲ್ವಾ ಮಾರಾಯ? ಹೊಡೆಯುವುದಕ್ಕೆಲ್ಲ ಅದನ್ನು ಹೇಳಬಾರದು" ಎಂದು ಗೊಣಗುತ್ತಿದ್ದರು.

ಕಳೆದ ವರ್ಷ ಒಂದು ಭಾನುವಾರ, ಅಭ್ಯಾಸ ಮುಗಿದ ಮೇಲೆ, ಸ್ಟೇಷನ್ನಿನ ಸೇತುವೆಯ ಮೇಲೆ ಅವನು "ಬರ್ಲೇನಪಾ?" ಎಂದ. ಮನೆಗೆ ಹೊರಟಿದ್ದ, ಅಷ್ಟೇ. ನಾನು ತಮಾಷೆಗೆ ಏಟು ತಡೆಯುವವನಂತೆ ಮೊಣಕೈ ಎತ್ತಿ "ಬಾ" ಎಂದೆ. ಜನ ಬೈಯುತ್ತ ನಮ್ಮನ್ನು ದಾಟಿ ಹೋದರು. ಅದೇ ವಾರ ಎದೆನೋವು ಬಂದು ಅವನು ತೀರಿಕೊಂಡ.

ಬೊರಿವಲಿಯ ಅವನ ಚಾಳ್‌ಗೆ ಹೋಗಿ ಕುಳಿತಿದ್ದೆ. ಹೊರಡುವಾಗ ಅವನ ತಾಯಿ ತಲೆ ಎತ್ತಿ ನನ್ನನ್ನೇ ನೋಡಿದರು. ನಾನು ಚಪ್ಪಲಿ ಮೆಟ್ಟಿಕೊಂಡು ಸುಮ್ಮನೆ ಇಳಿದುಬಂದೆ. ಸಾವಿನ ಮನೆಯಿಂದ ಹೊರಡುವಾಗ ನಮ್ಮಲ್ಲಿ "ಬರ್ತೇನೆ" ಅನ್ನುವುದಿಲ್ಲ.

ಆಮೇಲೆ ಹಾಲ್‌ನಲ್ಲಿ ಯಾರು "ಬರ್ಲೇನಪಾ?" ಅಂದರೂ ನನಗೆ ಅವನದೇ ಧ್ವನಿ. ಗುಜರಾತಿ ಹೆಣ್ಣುಮಗಳೊಬ್ಬಳ ಬಾಯಿಂದ ಅವನು ಕೇಳುತ್ತಿದ್ದ. ಕತ್ತಿಯೆತ್ತಿ ಯಾರಾದರೂ ಎದುರು ನಿಂತರೆ "ಬಾ" ಎನ್ನುವ ಬದಲು ಕತ್ತಿ ಕೆಳಗಿಳಿಸಿಬಿಡುತ್ತಿದ್ದೆ. ಯಾರನ್ನು ಕರೆಯುತ್ತಿದ್ದೇನೆ ನಾನು? ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಹೆದರಿಕೆಯಾಗುತ್ತಿತ್ತು. ಕಾನೂನು ಬದಲಿಸಿ "ರೆಡಿ, ಗೋ" ಮಾಡಿದೆ. ಎಲ್ಲರ ಮುಖ ಹರಳೆಣ್ಣೆ ಕುಡಿದಂತಾಯಿತು. ಕೊನೆಗೆ ಕ್ಲಬ್ಬನ್ನೇ ಮುಚ್ಚಿಬಿಡುವುದೆಂದು ಮನಸ್ಸು ಮಾಡಿದೆ. ಅದನ್ನು ಹೇಳಬೇಕೆಂದಿದ್ದ ಭಾನುವಾರವೇ ಅವನ ತಾಯಿ ಬಂದರು.

ಕೈಯಲ್ಲಿ ತಲೆದಿಂಬಿನ ಚೀಲ, ಅದರೊಳಗೆ ಅವನ ಕತ್ತಿ. ಅದನ್ನು ನನ್ನ ಕೈಗಿತ್ತು, ಬಾಗಿಲ ಪಕ್ಕದ ಕುರ್ಚಿಯಲ್ಲಿ ಕುಳಿತರು.

"ಆವತ್ತ ಹೇಳದ ಹೋದೆಲ್ಲಪಾ. ಬರ್ತೇನಿ ಅನ್ನಲಿಲ್ಲ. ಮಗ ಹೋದ, ಇನ್ನ ಇಂವಾ ಯಾಕ ಬರ್ತಾನ ಅಂದ್ಕೊಂಡೆ. ಆದ್ರೂ ಹಾದಿ ನೋಡ್ಕೋತ ಕುಂತಿದ್ದೆ."

"ಹಾಗಲ್ಲ ಖಾಲಾ," ಎಂದೆ. "ಸಾವಿನ ಮನೆಯಲ್ಲಿ ನಮ್ಮವರು ಆ ಮಾತು ಹೇಳುವುದಿಲ್ಲ. ಹೇಳಿದರೆ ಸಾವು ಮತ್ತೆ ಆ ಮನೆಗೆ ಬರ್ತದೆ ಅಂತ."

ಅವರು ಸೆರಗಿನ ಅಂಚು ತಿರುವಿದರು. "ಅಂವಾ ದಿನಾ ಬರ್ತೇನಿ ಅಂತ ಹೇಳೇ ಹೋಗಾಂವ," ಎಂದರು. "ಮಾತಿಗೆ ಅಷ್ಟ ತಾಕತ್ತ ಇದ್ದಿದ್ರ ಅಂವಾ ತಿರಗಿ ಬರತಿದ್ದಿಲ್ಲೇನು?"

ಅಳು ಬಂತು. ಅಷ್ಟು ಜನರೆದುರು ಅತ್ತೆ. ಹಾಲ್‌ನ ತುಂಬ ಜೋಡಿ ಜೋಡಿಯಾಗಿ ಕತ್ತಿ ಹಿಡಿದು ನಿಂತವರಲ್ಲಿ ಹೆಚ್ಚಿನವರು ನಮ್ಮ ಮಾತು ಅರ್ಥವಾಗದೆ, ಕಾಳಗ ಶುರುವಾಗಲೆಂದು ಕಾಯುತ್ತಿದ್ದರು.

ಖಾಲಾ ಎದ್ದರು. ಬಾಗಿಲಲ್ಲಿ ನಿಂತು, ನನ್ನ ಕಡೆ ತಿರುಗಿ, "ಬರ್ಲೇನಪಾ?" ಎಂದರು. ಅದೇ ಎಳೆತ. ಅದು ಅವನಿಗೆ ಬಂದದ್ದೇ ಇವರಿಂದ ಎಂದು ಆಗಲೇ ನನಗೆ ತಿಳಿದದ್ದು.

ನಾನು ಬಾಯಿ ತೆರೆಯುವ ಮುಂಚೆಯೇ, ಹಳೆಯ ಅಭ್ಯಾಸಕ್ಕೆ, ಇಡೀ ಹಾಲ್ ಒಂದೇ ಧ್ವನಿಯಲ್ಲಿ ಹೇಳಿತು: "ಬಾ."

ಹೊಸ್ತಿಲು ದಾಟಲು ಎತ್ತಿದ ಕಾಲನ್ನು ಅವರು ಹಿಂದಕ್ಕೆ ಇಟ್ಟರು. ಅವನ ಧ್ವನಿ ಯಾವ ಬಾಯಿಂದ ಬಂತು ಎಂದು ಹುಡುಕುವವರಂತೆ ಒಂದೊಂದೇ ಮುಖವನ್ನು ನೋಡತೊಡಗಿದರು. ನಾನೂ ನೋಡುತ್ತಿದ್ದೆ.